ಹತ್ತು ಕೋಟಿಯವರ ಚಿಂತೆ ನಿನಗ್ಯಾಕ ತಮ್ಮಾ

ತಮ್ಮಾ, ಸರ್ಕಾರ ವಾರಸಾ ತೆರಿಗೆ ತಂದರೆ ಅಪ್ಪನ ಹೊಲದಲ್ಲಿ ಅರ್ಧ ಹೋದಂತೆಯೇ ಎಂದು ಫೋನಿನಲ್ಲಿ ಅಷ್ಟು ಹೊತ್ತು ಸಿಟ್ಟು ಮಾಡಿದೆಯಲ್ಲ, ಆವತ್ತು ನಾನು ಹೂಂ ಹೂಂ ಅಂದೆನೇ ಹೊರತು ತಿರುಗಿ ಏನೂ ಹೇಳಲಿಲ್ಲ. ಪುಣೆಯಲ್ಲಿ ಕೂತವನ ಸಿಟ್ಟಿಗೆ ಮಣ್ಣೂರಿನಿಂದ ಫೋನಿನಲ್ಲಿ ಉತ್ತರ ಕೊಡುವುದು ನನಗೆ ಆಗದು. ಅದಕ್ಕೇ ಬರೆಯುತ್ತಿದ್ದೇನೆ. ಪಹಣಿ, ಮ್ಯುಟೇಶನ್, ವಂಶಾವಳಿ ಅಂತ ಮಂದಿಯ ಆಸ್ತಿ ಕಾಗದ ಬರೆಯುತ್ತಲೇ ತಲಾಟಿಕಿ ಮುಗಿಸಿದವನು ನಾನು. ಆಸ್ತಿಯ ಮಾತು ಬಂದರೆ ನಿಮ್ಮ ಕಾಕಾ ಸ್ವಲ್ಪ ಉದ್ದಕ್ಕೆ ಹೋಗುತ್ತಾನೆ, ತಾಳಿಕೊಂಡು ಓದು.

ಮೊದಲು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಇವತ್ತು ನಮ್ಮ ದೇಶದಲ್ಲಿ ವಾರಸಾ ತೆರಿಗೆ ಇಲ್ಲ. ಅಪ್ಪ ತೀರಿಕೊಂಡು ಮಗನಿಗೆ ಹೊಲ ಬಂದರೂ ಇಲ್ಲ, ಮುಂಬೈ ಸೇಠನ ಮಗನಿಗೆ ಸಾವಿರ ಕೋಟಿಯ ಷೇರು ಬಂದರೂ ಇಲ್ಲ. 2024ರ ಏಪ್ರಿಲಿನಲ್ಲಿ, ಲೋಕಸಭೆ ಚುನಾವಣೆ ನಡುವೆ, ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅವರು ಅಮೆರಿಕದ ವಾರಸಾ ತೆರಿಗೆ ಪದ್ಧತಿಯ ಬಗ್ಗೆ ಒಂದು ಮಾತು ಆಡಿದರು. ಪ್ರಧಾನಿಯವರು ಅದನ್ನು ಸಭೆಗಳಲ್ಲಿ ಎತ್ತಿಕೊಂಡರು, ಕಾಂಗ್ರೆಸ್ಸಿನವರು ಅದು ನಮ್ಮ ಮಾತಲ್ಲ ಎಂದು ಕೈ ತೊಳೆದುಕೊಂಡರು. ಕಲಬುರಗಿಯಲ್ಲಿ ಮತದಾನ ಇದ್ದದ್ದು ಮೇ 7ಕ್ಕೆ. ಅಷ್ಟರೊಳಗೆ ನಮ್ಮ ಅಗಸಿ ಕಟ್ಟೆಯ ಮೇಲೆ ಮೂರು ಎಕರೆ ಹೊಲ ಇದ್ದವನೂ ‘ನಮ್ಮದು ಕಸ್ಕೋತಾರಂತ’ ಅನ್ನತೊಡಗಿದ್ದ. ಅವನ ಮೂರು ಎಕರೆಯ ಮೇಲೆ ಸೊಸೈಟಿಯ ಸಾಲ ಇದೆ, ಬ್ಯಾಂಕಿನ ಸಾಲ ಇದೆ, ಹೊರಗಿನ ಕೈಸಾಲವೂ ಇದೆ. ಅವುಗಳ ಬಗ್ಗೆ ಕಟ್ಟೆಯ ಮೇಲೆ ಅವನು ಮಾತಾಡುವುದಿಲ್ಲ.

ಆ ಮೇ ತಿಂಗಳಲ್ಲೇ ಥಾಮಸ್ ಪಿಕೆಟ್ಟಿ ಮತ್ತು ಅವರ ಜೊತೆಗಾರರು ಭಾರತಕ್ಕೊಂದು ಲೆಕ್ಕ ಹಾಕಿ ಕೊಟ್ಟರು. ಪಿಕೆಟ್ಟಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞರು. ದೇಶದ ಒಟ್ಟು ಸಂಪತ್ತಿನಲ್ಲಿ ನೂರಕ್ಕೆ 40 ಪಾಲು ಮೇಲಿನ ಒಂದು ಶೇಕಡಾ ಜನರ ಕೈಯಲ್ಲಿದೆ ಎಂದು ಅದೇ ಬಳಗ ಮಾರ್ಚಿನಲ್ಲಿ ಹೇಳಿತ್ತು. ಮೇ ತಿಂಗಳ ಸಲಹೆ ಇಷ್ಟು: ಸಾಲ ಕಳೆದು ನಿವ್ವಳ ಹತ್ತು ಕೋಟಿಗಿಂತ ಹೆಚ್ಚು ಆಸ್ತಿ ಇದ್ದವರಿಗೆ, ಆ ಹತ್ತು ಕೋಟಿಯ ಮೇಲಿನ ಭಾಗಕ್ಕೆ ವರ್ಷಕ್ಕೆ ಶೇ. 2 ಸಂಪತ್ತಿನ ತೆರಿಗೆ, ಸತ್ತ ಮೇಲೆ ಶೇ. 33 ವಾರಸಾ ತೆರಿಗೆ. ದೇಶದ ವಯಸ್ಕರಲ್ಲಿ ಶೇ. 99.96 ಜನರಿಗೆ ಇದು ತಟ್ಟುವುದೇ ಇಲ್ಲ ಎಂದೂ ಅವರೇ ಹೇಳಿದ್ದಾರೆ. ಈಗ ನಮ್ಮೂರ ಲೆಕ್ಕ ಮಾಡು. ಎರಿ ಹೊಲ ಎಕರೆಗೆ ಹತ್ತು ಲಕ್ಷ ಅಂತ ಹಿಡಿ. ಹತ್ತು ಕೋಟಿ ಮುಟ್ಟಬೇಕಾದರೆ ನೂರು ಎಕರೆ ಬೇಕು. ಭೂಸುಧಾರಣೆ ಕಾಯ್ದೆಯ ಪ್ರಕಾರ ಐದು ಜನರ ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಖುಷ್ಕಿ ಜಮೀನೇ 54 ಎಕರೆ. ಅಂದರೆ ಕಾಯ್ದೆಯ ಮಿತಿಯ ತುಂಬ ಹೊಲ ಇದ್ದವನೂ ಆ ತೆರಿಗೆಯ ಅರ್ಧದಾರಿಗೆ ನಿಲ್ಲುತ್ತಾನೆ. ನಿಮ್ಮದು ಹದಿನೆಂಟು ಎಕರೆ. ಅದರಲ್ಲಿ ಆರು ಎಕರೆ ಭೀಮಾ ದಂಡೆಯದು, ಹೊಳಿ ಬಂದರೆ ಅದೂ ನಿಮ್ಮದಲ್ಲ. ನೀನು ಯಾರ ಪರ ಜಗಳ ಮಾಡಿದೆ ಅಂತ ಈಗಲಾದರೂ ಗೊತ್ತಾಯಿತೇ?

ಇನ್ನೊಂದು ವಿಷಯ ಟಿವಿಯಲ್ಲಿ ಕೂಗಾಡುವವರಿಗೂ ಗೊತ್ತಿದ್ದಂತಿಲ್ಲ. ಸಂವಿಧಾನದಲ್ಲಿ ಕೃಷಿ ಜಮೀನಿನ ವಾರಸಾ ಸುಂಕ ರಾಜ್ಯ ಪಟ್ಟಿಯಲ್ಲಿದೆ, ಉಳಿದ ಆಸ್ತಿಯದು ಕೇಂದ್ರ ಪಟ್ಟಿಯಲ್ಲಿ. ದಿಲ್ಲಿಯವರು ತಾವಾಗಿಯೇ ನಿನ್ನ ತೊಗರಿ ಹೊಲದ ಮೇಲೆ ಈ ಸುಂಕ ಹಾಕಲು ಬರುವುದಿಲ್ಲ. ಬೆಂಗಳೂರಿನ ವಿಧಾನಸೌಧದಲ್ಲಿ ಕೂತವರು ಹಾಕಬೇಕು. ಅಲ್ಲಿ ಕೂತವರಲ್ಲಿ ಹೊಲ ಇಲ್ಲದವರು ಎಷ್ಟು ಜನ ಇದ್ದಾರು, ನೀನೇ ಎಣಿಸು.

ಆದರೂ ನಿನ್ನ ಸಿಟ್ಟಿಗೆ ಆಧಾರವೇ ಇಲ್ಲ ಅನ್ನಲಾರೆ. ಈ ತೆರಿಗೆ ಒಂದು ಕಾಲಕ್ಕೆ ನಮ್ಮಲ್ಲಿ ಇತ್ತು, ಮತ್ತು ಕೆಟ್ಟ ಹೆಸರು ತೆಗೆದುಕೊಂಡೇ ಹೋಯಿತು. ಎಸ್ಟೇಟ್ ಡ್ಯೂಟಿ ಅಂತ. ಸಿ. ಡಿ. ದೇಶಮುಖರು ಹಣಕಾಸು ಮಂತ್ರಿಯಾಗಿದ್ದಾಗ, 1953ರ ಅಕ್ಟೋಬರ್ 15ಕ್ಕೆ ಜಾರಿಗೆ ಬಂತು. ಸತ್ತವನ ಒಂದು ಲಕ್ಷದ ತನಕದ ಆಸ್ತಿಗೆ ಬಿಡುಗಡೆ, ಅವಿಭಕ್ತ ಕುಟುಂಬದ ಪಾಲಿಗೆ ಐವತ್ತು ಸಾವಿರದ ತನಕ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಕೊನೆಕೊನೆಗೆ ಇಪ್ಪತ್ತು ಲಕ್ಷದ ಮೇಲಿನ ಆಸ್ತಿಗೆ ನೂರಕ್ಕೆ 85 ಆಯಿತು. ಎಂಬತ್ತೈದು! ಇಷ್ಟು ಕೇಳಿದರೆ ಯಾರು ಕೊಡುತ್ತಾರೆ? ದೊಡ್ಡವರು ವಕೀಲರನ್ನು ಹಿಡಿದರು, ಟ್ರಸ್ಟ್ ಮಾಡಿದರು, ಬದುಕಿದ್ದಾಗಲೇ ಹಂಚಿದ ಹಾಗೆ ತೋರಿಸಿದರು. ಸಿಕ್ಕಿಬಿದ್ದವರು ಒಂದು ಮನೆ, ಒಂದು ಅಂಗಡಿ, ಸ್ವಲ್ಪ ಬಂಗಾರ ಇದ್ದ ನಡುವಿನವರು. ಗಂಡ ಸತ್ತ ದುಃಖದಲ್ಲಿರುವ ಹೆಂಗಸಿನ ಮನೆಗೆ ತೆರಿಗೆಯ ನೋಟಿಸು ಬಂದರೆ ಊರು ಸರ್ಕಾರದ ಕಡೆ ನಿಲ್ಲುತ್ತದೆಯೇ? 1985ರ ಬಜೆಟ್ಟಿನಲ್ಲಿ ವಿ. ಪಿ. ಸಿಂಗ್ ಅವರು ಇದನ್ನು ಕೈಬಿಟ್ಟಾಗ ಕೊಟ್ಟ ಕಾರಣ, ವರ್ಷಕ್ಕೆ ಬರುವುದು ಸುಮಾರು 20 ಕೋಟಿ, ವಸೂಲಿಯ ಖರ್ಚು ನೋಡಿದರೆ ಅದು ತೀರ ಕಡಿಮೆ ಎಂಬುದು. ಆ ವರ್ಷದ ಮಾರ್ಚ್ 16ರಿಂದ ಆಚೆ ತೀರಿಕೊಂಡವರ ಆಸ್ತಿಗೆ ಸುಂಕವಿಲ್ಲ. ಸಂಪತ್ತಿನ ತೆರಿಗೆಯದೂ ಇದೇ ಪಾಡು. 1957ರಲ್ಲಿ ಬಂದು, 2015ರಲ್ಲಿ ಅರುಣ್ ಜೇಟ್ಲಿ ಅವರ ಬಜೆಟ್ಟಿನಲ್ಲಿ ಹೋಯಿತು. 2013-14ರಲ್ಲಿ ದೇಶಕ್ಕೆಲ್ಲ ಸೇರಿ ಅದರಿಂದ ಬಂದದ್ದು 1,008 ಕೋಟಿ.

ಇದನ್ನೆಲ್ಲ ತೋರಿಸಿ ‘ನೋಡು, ವಾರಸಾ ತೆರಿಗೆ ನಡೆಯೋದಲ್ಲ’ ಅನ್ನುವವರು ಬಹಳ. ನನಗೆ ಹಾಗೆ ಕಾಣುವುದಿಲ್ಲ. ದರ ಹುಚ್ಚಾಪಟ್ಟೆ ಏರಿಸಿ, ವಿನಾಯಿತಿಯ ಮಿತಿ ಕೆಳಗಿಟ್ಟು, ಕಿಂಡಿಗಳನ್ನು ತೆರೆದಿಟ್ಟರೆ ಯಾವ ತೆರಿಗೆಯೂ ನಡೆಯದು. ಜಪಾನಿನಲ್ಲಿ ಮೇಲಿನ ದರ ಶೇ. 55, ನಡೆಯುತ್ತಿದೆ. ದಕ್ಷಿಣ ಕೊರಿಯಾದಲ್ಲಿ ಸ್ಯಾಮ್ಸಂಗ್ ಕಂಪನಿಯ ಯಜಮಾನ ಲೀ ಕುನ್-ಹಿ 2020ರಲ್ಲಿ ತೀರಿಕೊಂಡಾಗ ಅವರ ಮನೆಯವರು 12 ಲಕ್ಷ ಕೋಟಿ ವೋನ್‌ಗೂ ಹೆಚ್ಚು ವಾರಸಾ ತೆರಿಗೆಯನ್ನು ಕಂತಿನಲ್ಲಿ ಕಟ್ಟಲು ಒಪ್ಪಿದರು. ಕಂಪನಿ ಮುಳುಗಿತೇ? ನಿನ್ನ ಕೈಯಲ್ಲಿರುವ ಫೋನು ಯಾರದು ನೋಡಿಕೊ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ದರ ಗರಿಷ್ಠ ಶೇ. 40. ಆದರೆ 2024ರಲ್ಲಿ ಒಬ್ಬೊಬ್ಬರಿಗೂ 1 ಕೋಟಿ 36 ಲಕ್ಷ ಡಾಲರ್ ತನಕ ವಿನಾಯಿತಿ ಇತ್ತು. ಇನ್ನೊಂದು ಕಡೆ ಸ್ವೀಡನ್ 2004ರ ಕೊನೆಗೆ ಈ ತೆರಿಗೆಯನ್ನೇ ತೆಗೆದುಹಾಕಿತು. ತೆಗೆದವರು ಬಲಪಂಥದವರಲ್ಲ, ಅಲ್ಲಿನ ಸೋಷಿಯಲ್ ಡೆಮಾಕ್ರಾಟರು. ದೊಡ್ಡ ಶ್ರೀಮಂತರು ದೇಶ ಬಿಟ್ಟು, ನಡುವಿನವರೇ ಕಟ್ಟುವ ಹಾಗಾಗಿತ್ತು. ಎರಡೂ ಕಡೆಯ ಪಾಠ ನಮ್ಮ ಕಣ್ಣ ಮುಂದಿದೆ.

ರೈತರ ವಿಷಯದಲ್ಲಿ ಮಾತ್ರ ನಾನು ನಿನ್ನ ಕಡೆಗೇ. ಬ್ರಿಟನ್ನಿನಲ್ಲಿ 2024ರ ಬಜೆಟ್ಟಿನಲ್ಲಿ ಹತ್ತು ಲಕ್ಷ ಪೌಂಡಿನ ಮೇಲಿನ ಕೃಷಿ ಆಸ್ತಿಗೆ ಶೇ. 20 ವಾರಸಾ ತೆರಿಗೆ ಎಂದರು. ರೈತರು ಟ್ರ್ಯಾಕ್ಟರ್ ಹೊಡೆದುಕೊಂಡು ಲಂಡನ್ನಿಗೆ ಬಂದರು, ಸರ್ಕಾರ ಮಿತಿಯನ್ನು ಏರಿಸಬೇಕಾಯಿತು. ಅವರ ಮಾತಿನಲ್ಲಿ ನ್ಯಾಯ ಇತ್ತು. ಹೊಲದ ಬೆಲೆ ಕಾಗದದ ಮೇಲೆ ಕೋಟಿ ಇರಬಹುದು, ಮನೆಯಲ್ಲಿ ರೊಕ್ಕ ಇರುವುದಿಲ್ಲ. ತೆರಿಗೆ ಕಟ್ಟಲು ಹೊಲ ಮಾರಬೇಕಾದರೆ ಅದು ತೆರಿಗೆಯಲ್ಲ, ಜಪ್ತಿ. ಹೀಗಾಗಿ ನಮ್ಮಲ್ಲಿ ಎಂದಾದರೂ ಬಂದರೆ ಸ್ವಂತ ಉಳುವ ಹೊಲ ಮಿತಿಯ ಒಳಗಿದ್ದರೆ ಪೂರ್ತಿ ಬಿಡಬೇಕು, ವಾಸದ ಮನೆ ಬಿಡಬೇಕು, ಉಳಿದವರಿಗೂ ಕಂತು ಕೊಡಬೇಕು. ಟ್ರಸ್ಟಿನ ಕಿಂಡಿ ಮೊದಲು ಮುಚ್ಚಬೇಕು. ಇಷ್ಟು ಮಾಡಿ ಹತ್ತು ಕೋಟಿ ಮೇಲಿನವರನ್ನು ಕೇಳಿದರೆ ಕಾಕಾನ ತಕರಾರಿಲ್ಲ.

‘ಆದ್ರ ಕಾಕಾ, ಅವರಪ್ಪ ಗಳಿಸಿದ್ದು ಅವರ ಮಕ್ಕಳಿಗೆ ಹೋಗೋದ್ರಾಗ ತಪ್ಪೇನದ?’ ಅಂದೆ ನೀನು. ಆ ಪ್ರಶ್ನೆ ಇದೇ ಸೀಮೆಯಲ್ಲಿ ಒಂಬೈನೂರು ವರ್ಷದಿಂದ ನಡೆಯುತ್ತಿದೆ. ಅಪ್ಪನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಬರೆದವನು ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ಟೀಕೆ ಬರೆದ. ಅವನ ಊರು ನಮ್ಮ ಜಿಲ್ಲೆಯ ಮರ್ತೂರು ಎಂದು ಇಲ್ಲಿಯವರು ಹೆಮ್ಮೆಪಡುತ್ತಾರೆ, ಅಲ್ಲಿ ಅವನ ಹೆಸರಿನ ಭವನವೂ ಇದೆ. ಬಂಗಾಲ, ಅಸ್ಸಾಮಿನ ಕಡೆ ಬೇರೆ ಶಾಸ್ತ್ರ: ಅಪ್ಪ ಸತ್ತ ಮೇಲೆಯೇ ಮಗನಿಗೆ ಹಕ್ಕು. ಉಳಿದ ಹಿಂದೂ ಭಾರತವೆಲ್ಲ ಹೆಚ್ಚುಕಡಿಮೆ ನಮ್ಮ ಕಡೆಯವನ ಪುಸ್ತಕ ಹಿಡಿದೇ ಪಾಲು ಮಾಡಿಕೊಂಡಿತು. ಬ್ರಿಟಿಷರ ಕೋರ್ಟುಗಳೂ ಅದನ್ನೇ ತೆರೆದು ನೋಡಿದವು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಅಜ್ಜನ ಹೊಲದಲ್ಲಿ ಅಪ್ಪನ ಸಮಕ್ಕೆ ಹಕ್ಕು ಇದೆ ಎಂದು ನಾವು ಇವತ್ತಿಗೂ ಮಾತಾಡುತ್ತೇವಲ್ಲ, ಅದು ಅವನದೇ.

ಅವನಾದ ಮೇಲೆ ಅದೇ ಕಲ್ಯಾಣದಲ್ಲಿ, ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ, ಹುಟ್ಟು ನೋಡಬೇಡ, ಮಾಡುವ ಕಾಯಕ ನೋಡು ಎಂದವರು ಬಂದರು. ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ದಾಸೋಹಕ್ಕೆ ಕೊಡು ಎಂದರು. ಹುಟ್ಟಿನ ಹಕ್ಕಿನ ಶಾಸ್ತ್ರ, ಹುಟ್ಟಿನ ಹಮ್ಮಿಗೆ ಬಿದ್ದ ಪೆಟ್ಟು ಎರಡೂ ಒಂದೇ ಊರಿನಲ್ಲಿ! ನಾವು ಮನೆಯಲ್ಲಿ ಬಸವಣ್ಣನ ಫೋಟೋ ಹಾಕುತ್ತೇವೆ, ಪಾಲಿನ ದಿನ ವಿಜ್ಞಾನೇಶ್ವರನನ್ನು ಹಿಡಿಯುತ್ತೇವೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸಪ್ಪನವರ ದಾಸೋಹಕ್ಕೆ ಜೋಳ ಕೊಡುವ ಕೈ, ಮಿಕ್ಕಿದ್ದರಲ್ಲಿ ಸರ್ಕಾರಕ್ಕೊಂದು ಪಾಲು ಅಂದರೆ ಯಾಕೆ ಗಟ್ಟಿಯಾಗುತ್ತದೆ ಅಂತ ನಾನೂ ವಿಚಾರ ಮಾಡಿದ್ದೇನೆ. ದಾಸೋಹಕ್ಕೆ ಕೊಟ್ಟದ್ದು ಊರಿನ ಬಾಯಿಗೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಸರ್ಕಾರಕ್ಕೆ ಕೊಟ್ಟದ್ದು ಎಲ್ಲಿ ಹೋಯಿತು ಅಂತ ಕಾಣುವುದಿಲ್ಲ. ಆ ಅನುಮಾನಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ.

‘ಅವರಪ್ಪ ಗಳಿಸಿದ್ದು’ ಎಂಬ ಮಾತಿಗೆ ಮಾತ್ರ ನನ್ನ ಹತ್ತಿರ ದಫ್ತರದ ಉತ್ತರ ಇದೆ. ಈ ಸೀಮೆಯ ದೊಡ್ಡ ಹೊಲಗಳು ಹೇಗೆ ದೊಡ್ಡವಾದವು ಕೇಳು. ನಿಜಾಮನ ಸಂಸ್ಥಾನದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜಾಗೀರು. ಈ ಕಡೆ ಪಾಯಗಾ, ಆ ಕಡೆ ಜಾಗೀರು. ಊರಿಗೆ ಊರೇ ಒಬ್ಬ ನವಾಬನ ಹೆಸರಿಗೆ. ಇಷ್ಟಿದ್ದೂ ಜಾಗೀರುದಾರ ಸತ್ತರೆ ಮಗನಿಗೆ ತಾನೇ ತಾನಾಗಿ ಹೋಗುತ್ತಿರಲಿಲ್ಲ. ವಿರಾಸತ್ತಿನ ಮಂಜೂರಿಗೆ ನಿಜಾಮನ ಮುಂದೆ ನಿಲ್ಲಬೇಕು, ನಜರಾಣಾ ಇಡಬೇಕು. ಸತ್ತವನ ಆಸ್ತಿಯಲ್ಲಿ ದೊರೆಗೆ ಪಾಲು ಕೊಡುವುದು ದಿಲ್ಲಿಯ ಕಮ್ಯುನಿಸ್ಟರು ಕಂಡುಹಿಡಿದದ್ದಲ್ಲ ತಮ್ಮಾ, ನವಾಬರ ಮನೆಯ ಪದ್ಧತಿ. ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷ ತುಂಬುವ ಮೊದಲೇ, 1949ರ ಆಗಸ್ಟ್ 15ಕ್ಕೆ, ಜಾಗೀರು ರದ್ದಾಯಿತು. ಜಾಗೀರುದಾರರಿಗೆ ಪರಿಹಾರ ಸಿಕ್ಕಿತು. ಅವರ ಹೊಲದಲ್ಲಿ ಕಸುವು ಕಳೆದುಕೊಂಡ ಆಳಿಗೆ ಏನು ಸಿಕ್ಕಿತು ಅಂತ ಯಾವ ದಫ್ತರದಲ್ಲೂ ನಾನು ಓದಲಿಲ್ಲ.

ಜಾಗೀರುದಾರರ ಕೆಳಗೆ ಮಾಲಿಪಾಟೀಲರು, ಪೊಲೀಸ್‌ಪಾಟೀಲರು, ಕುಲಕರ್ಣಿಗಳು. ಊರಿನ ಅಧಿಕಾರವೇ ಅಪ್ಪನಿಂದ ಮಗನಿಗೆ. ದಫ್ತರ ಬರೆಯುವವನ ಮನೆಗೆ ಒಳ್ಳೆಯ ಹೊಲ ಯಾಕೆ ಸೇರುತ್ತದೆ ಅಂತ ತಲಾಟಿಯಾದವನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗ್ರಾಮ ಕಚೇರಿಗಳನ್ನು ರದ್ದುಮಾಡುವ 1961ರ ಕಾಯ್ದೆಯಿಂದ ಆ ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು, ಹೊಲವೂ ಬಹುಪಾಲು ಉಳಿಯಿತು. ದೇವರಾಜ ಅರಸರು 1974ರಲ್ಲಿ ಭೂಸುಧಾರಣೆಗೆ ಹಲ್ಲು ಕೊಟ್ಟಾಗ ಕರಾವಳಿಯಲ್ಲಿ ಗೇಣಿದಾರನಿಗೆ ಹೊಲ ಸಿಕ್ಕಿದ ಹಾಗೆ ನಮ್ಮ ಕಡೆ ಸಿಗಲಿಲ್ಲ. ಇಲ್ಲಿ ಹೊಲ ಕಾಗದದ ಮೇಲೆ ಒಡೆಯಿತು. ಮಗನ ಹೆಸರಿಗೆ ಒಂದು ತುಂಡು, ಇನ್ನೂ ಹುಟ್ಟಬೇಕಾದ ಮೊಮ್ಮಗನ ಹೆಸರಿಗೊಂದು ತುಂಡು ಎಂದು ಜನ ನಗೆಯಾಡುತ್ತಿದ್ದರು. ಹಳೇ ತಾರೀಖು ಹಾಕಿದ ವಾಟ್ನಿಪತ್ರಗಳನ್ನು, ಅಂದರೆ ಪಾಲುಪತ್ರಗಳನ್ನು, ನಾನೂ ಕಣ್ಣಾರೆ ಕಂಡೆ. ಯಾರ ಹೊಲ ಅಂತ ಹೇಳುವುದಿಲ್ಲ, ಅವರ ಮಕ್ಕಳು ಇದೇ ಊರಲ್ಲಿದ್ದಾರೆ, ನನ್ನನ್ನು ಕಂಡರೆ ಚಹಾ ಕುಡಿಸುತ್ತಾರೆ.

ಹೀಗೆ ಅಂದಕೂಡಲೇ ದುಡಿದು ಕಟ್ಟಿದವರು ಯಾರೂ ಇಲ್ಲ ಅಂತ ತಿಳಿಯಬೇಡ. ನಿಮ್ಮ ಅಪ್ಪ, ನನ್ನ ಅಣ್ಣ, ಐದು ಎಕರೆ ಕೊಂಡದ್ದು ತೊಗರಿ ಮಾರಿ, ಎಮ್ಮೆ ಕಟ್ಟಿ. ಆ ಬೆವರಿಗೆ ನಾನೇ ಸಾಕ್ಷಿ. ಆದರೆ ಉಳಿದ ಹದಿಮೂರು ಎಕರೆ ಅವನಿಗೂ ಹುಟ್ಟಿನಿಂದ ಬಂದದ್ದು. ಅವನ ಜೊತೆಗೇ ಅದೇ ಹೊಲದಲ್ಲಿ ಅಷ್ಟೇ ವರ್ಷ ಎಡೆ ಹೊಡೆದ, ರಾಶಿ ಮಾಡಿದ ಆಳಿನ ಮಗ ಈಗ ಎಲ್ಲಿದ್ದಾನೆ? ನಿನ್ನದೇ ಪುಣೆಯಲ್ಲಿ, ಕಟ್ಟಡದ ಮೇಲೆ ಸೆಂಟ್ರಿಂಗ್ ಕೆಲಸಕ್ಕೆ. ನೀವಿಬ್ಬರೂ ಒಂದೇ ಬಸ್ಸಿನಲ್ಲಿ ಸೊಲ್ಲಾಪುರದ ಮೇಲೆ ಹಾದು ಹೋದಿರಿ. ಅವನಿಗೆ ಅಪ್ಪನಿಂದ ಬಂದದ್ದು ಸಾಲ.

ನಿನ್ನದೂ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಸಿಟ್ಟಾಗಬೇಡ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಿನಗೆ ಸೀಟು ಸಿಕ್ಕದ್ದು ಸಂವಿಧಾನದ 371(ಜೆ) ಮೀಸಲಾತಿಯಲ್ಲಿ. ನಮ್ಮ ಭಾಗದ ಮಕ್ಕಳಿಗೆ ಇಲ್ಲಿಯ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ 8. ಅದಕ್ಕಾಗಿ ನಾವು ಎಷ್ಟು ವರ್ಷ ಧರಣಿ ಕೂತೆವು! ನಮ್ಮ ವಾದ ಏನಿತ್ತು? ನಿಜಾಮನ ಕಾಲದಿಂದ ಶಾಲೆ ಇಲ್ಲದ, ರಸ್ತೆ ಇಲ್ಲದ ಸೀಮೆಯಲ್ಲಿ ಹುಟ್ಟಿದ್ದೇ ನಮ್ಮ ತಪ್ಪೇ, ಮೈಸೂರಿನಲ್ಲಿ ಹುಟ್ಟಿದ ಹುಡುಗನ ಜೊತೆ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡು ಎಂದರೆ ನ್ಯಾಯವೇ, ಅಂತ. ಹಿರಿಯರಿಂದ ಬಂದ ಕೊರತೆಯನ್ನು ಸರ್ಕಾರ ತುಂಬಿಕೊಡಬೇಕು ಎಂದು ಕೇಳಿ ಪಡೆದವರು ನಾವು. ಹಿರಿಯರಿಂದ ಬಂದ ಹೆಚ್ಚಳದಲ್ಲಿ ಸರ್ಕಾರ ಕೈಹಾಕಿದರೆ ಅದು ಅನ್ಯಾಯ ಅಂತ ನಾವೇ ಹೇಗೆ ಅನ್ನೋಣ? ಕೊರತೆ ತುಂಬಲು ರೊಕ್ಕ ಎಲ್ಲಿಂದಲೋ ಬರಬೇಕು.

ತಾವಾಗಿಯೇ ಕೊಟ್ಟವರೂ ಇದ್ದಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ತಮ್ಮ ವಿಪ್ರೋ ಷೇರುಗಳ ದೊಡ್ಡ ಪಾಲನ್ನು ತಮ್ಮ ಫೌಂಡೇಶನ್ನಿಗೆ ಬರೆದುಕೊಟ್ಟರು. ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಆ ಫೌಂಡೇಶನ್ 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿಯ ಒಪ್ಪಂದ ಮಾಡಿಕೊಂಡಿತು. ನಮ್ಮ ಕಡೆಯ ಸರ್ಕಾರಿ ಶಾಲೆಯ ಕೂಸು ತಿನ್ನುವ ಮೊಟ್ಟೆಯ ಹಿಂದೆ ಒಬ್ಬ ಶ್ರೀಮಂತ ತನ್ನ ಮಕ್ಕಳಿಗೆ ಬಿಡದೆ ಇಟ್ಟ ಹಣ ಇದೆ. ದೊಡ್ಡ ಮಾತು. ಆದರೂ ಒಬ್ಬ ಕೊಟ್ಟ ಅಂತ ಉಳಿದ ನೂರು ಜನ ಕೊಡುತ್ತಾರೆ ಅಂತಿಲ್ಲ. ಮನಸ್ಸಿಗೆ ಬಿಟ್ಟದ್ದು ಮನಸ್ಸಿನಷ್ಟೇ ಬರುತ್ತದೆ.

ಈಗ ನಾನು ಪತ್ರ ಹಿಡಿದ ಕಾರಣಕ್ಕೆ ಬರುತ್ತೇನೆ. ಇಲ್ಲದ ತೆರಿಗೆಗೆ ನೀನು ಹೆದರಿದೆ. ಇರುವ ತೆರಿಗೆ ನಿನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮೂರಲ್ಲಿ ವಾರಸಾ ತೆರಿಗೆ ಇದೆ ತಮ್ಮಾ. ದರ ನೂರಕ್ಕೆ ನೂರು, ವಿನಾಯಿತಿ ಇಲ್ಲ, ಕಂತಿಲ್ಲ. ಕಟ್ಟುವವಳು ಮಗಳು. ವಸೂಲಿ ಮಾಡುವವರು ಅಣ್ಣತಮ್ಮಂದಿರು.

ವಿಜ್ಞಾನೇಶ್ವರ ಹುಟ್ಟಿನ ಹಕ್ಕನ್ನು ಗಂಡುಕೂಸಿಗೆ ಬರೆದ. ಹೆಣ್ಣುಕೂಸಿಗೆ ಅದು ಸಿಗಲು ನಮ್ಮ ರಾಜ್ಯದಲ್ಲಿ 1994ರ ಜುಲೈ 30 ಆಗಬೇಕಾಯಿತು. ಅದೂ ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಬಂದು ಮದುವೆಯಾದವಳು, ಆಗದವಳು ಎಂಬ ಭೇದ ಅಳಿಸಿತು. ಅಪ್ಪ 2005ಕ್ಕಿಂತ ಮೊದಲೇ ಸತ್ತಿದ್ದರೆ ಏನು ಗತಿ ಎಂಬ ತಕರಾರು ಇನ್ನೂ ಹದಿನೈದು ವರ್ಷ ಕೋರ್ಟಿನಲ್ಲಿ ಎಳೆಯಿತು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ, ಅಪ್ಪ ಬದುಕಿರಲಿ ಬಿಡಲಿ ಎಂದು ಹೇಳಿ ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ರಜಿಸ್ಟರಾದ ವಾಟ್ನಿ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಮಾತ್ರ ಅದನ್ನು ಕೆದಕುವ ಹಾಗಿಲ್ಲ. ಮುಸಲ್ಮಾನರ ಮನೆಗಳಲ್ಲಿ ಮಗಳಿಗೆ ಮಗನ ಅರ್ಧ ಅಂತ ಕುರಾನಿನಲ್ಲೇ ಇದೆ. ಅಲ್ಲಿಯೂ ತಂಗಿ ‘ಮಾಫ್’ ಮಾಡಿದಳು ಅಂತ ಬರೆಸಿಕೊಂಡು ಬಂದ ಕಾಗದಗಳು ನನ್ನ ಮೇಜಿನ ಮೇಲೆ ಬರುತ್ತಿದ್ದವು. ಈ ಒಂದು ವಿಷಯದಲ್ಲಿ ಊರಿನ ಎಲ್ಲ ಜಾತಿ, ಎಲ್ಲ ಧರ್ಮದವರಲ್ಲಿ ಒಗ್ಗಟ್ಟು ಇದೆ.

ಹೇಗೆ ನಡೆಯುತ್ತದೆ ನೀನು ನೋಡಿಲ್ಲ, ನಾನು ನೋಡಿದ್ದೇನೆ. ಅಪ್ಪ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅಕ್ಕನಿಗೆ ಫೋನು ಹೋಗುತ್ತದೆ. ಬಂದವಳಿಗೆ ಹೋಳಿಗೆ ಊಟ, ಸೀರೆ, ಉಡಿ ತುಂಬುವುದು. ಮರುದಿನ ಅಫಜಲಪುರಕ್ಕೆ ಗಾಡಿ. ಹಕ್ಕು ಬಿಡುಗಡೆ ಪತ್ರ ಬರೆಸಿ ತಯಾರಾಗಿಯೇ ಇರುತ್ತದೆ. ಓದಿ ಹೇಳುವವರಿಲ್ಲ. ‘ಇಲ್ಲೊಂದು ಸಹಿ ಮಾಡವ್ವ.’ ಅವಳಿಗೆ ಎಲ್ಲ ಗೊತ್ತಿರುತ್ತದೆ. ಸಹಿ ಮಾಡದಿದ್ದರೆ ನಾಳೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟವಾದರೆ ಬಂದು ಕೂಡಲು ಬಾಗಿಲಿಲ್ಲ, ಎಂದು. ಲಕ್ಷಗಟ್ಟಲೆ ಬಾಳುವ ಹೊಲ ಬಿಟ್ಟುಕೊಟ್ಟು ಅವಳು ಕೊಳ್ಳುವುದು ತವರಿನ ಒಂದು ಕರೆ. ಮೇಲೆ ಊರೆಲ್ಲ ಹೊಗಳುತ್ತದೆ, ದೊಡ್ಡ ಮನಸ್ಸಿನ ಹೆಣ್ಣುಮಗಳು ಅಂತ.

‘ಅಕ್ಕನ ಮದುವಿಗೆ ಆರು ತೊಲಿ ಬಂಗಾರ, ಒಂದು ಮೋಟರ್ ಸೈಕಲ್ ಕೊಟ್ಟೀವಲ್ಲ’ ಅಂತ ನೀನು ಅನ್ನುವಿ. ಅಂದೇ ಅನ್ನುವಿ, ನಿನ್ನ ಅವ್ವನೂ ಅನ್ನುತ್ತಾಳೆ. ಮೋಟರ್ ಸೈಕಲ್ ಅಕ್ಕ ಹೊಡೆಯಲಿಲ್ಲ. ಬಂಗಾರದಲ್ಲಿ ಎಷ್ಟು ಅವಳ ಕೊರಳಲ್ಲಿದೆ, ಎಷ್ಟು ಆಳಂದದ ಗಿರವಿ ಅಂಗಡಿಯಲ್ಲಿದೆ, ಕೇಳಿ ನೋಡು. ವರದಕ್ಷಿಣೆ ಕೊಟ್ಟದ್ದು ಅವಳ ಮಾವನಿಗೆ, ಅದನ್ನು ಅವಳ ಲೆಕ್ಕಕ್ಕೆ ಬರೆಯಬೇಡ. 1961ರಿಂದ ಅದು ಕಾನೂನಿನ ಕಣ್ಣಲ್ಲಿ ಅಪರಾಧ ಬೇರೆ. ಅಪರಾಧದ ರಸೀದಿ ತೋರಿಸಿ ಹಕ್ಕಿನ ಸಾಲ ತೀರಿತು ಅನ್ನಲು ಬರುತ್ತದೆಯೇ?

ಮುಂಬೈ ಸೇಠನಿಂದ ಶೇ. 33 ಕೇಳಿದರೆ ಕಳ್ಳತನ, ಹೊಡೆದು ಕಸಿದಂತೆ ಎಂದವನು ನೀನು. ಒಡಹುಟ್ಟಿದವಳಿಂದ ಪೂರ್ತಿ ತೆಗೆದುಕೊಂಡರೆ ಅದಕ್ಕೆ ಏನೆನ್ನಬೇಕು ಅಂತ ನಾನು ಹೇಳುವುದಿಲ್ಲ. ನೀನು ಓದಿದವನು.

ಇನ್ನು ವ್ಯವಹಾರದ ಮಾತು. ಅಣ್ಣ ಹೋಗಿ ಎರಡು ವರ್ಷದ ಮೇಲಾಯಿತು, ಪಹಣಿ ಇನ್ನೂ ಅವನ ಹೆಸರಲ್ಲೇ ಇದೆ. ಹೊಳಿದಂಡೆಯ ಆರು ಎಕರೆ ಇನ್ನೂ ನಿನ್ನ ಮುತ್ಯಾನ ಹೆಸರಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟು ಭೀಮಾ ಉಕ್ಕಿದಾಗ ಯಲ್ಲಮ್ಮನ ಗುಡಿಯ ಕಡೆಯ ತೊಗರಿ ಎಲ್ಲ ಕೊಳೆತು ಹೋಯಿತು. ಸರ್ಕಾರ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಪರಿಹಾರ ಅಂತ ಸಾರಿತು. ನಿಮಗೆ ಬರಲಿಲ್ಲ. ಹೇಗೆ ಬರಬೇಕು? ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದು, ರೈತರ ನೋಂದಣಿಯ ಫ್ರೂಟ್ಸ್ ಐಡಿ ಇದ್ದು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಮುತ್ಯಾ ಆಧಾರ್ ಬರುವ ಮೊದಲೇ ಹೋದ. ಬೆಳೆ ವಿಮೆಗೂ ಇದೇ ತೊಡಕು, ಕಿಸಾನ್ ಸಮ್ಮಾನಿಗೂ ಇದೇ, ಬ್ಯಾಂಕಿನ ಬೆಳೆ ಸಾಲಕ್ಕೂ ಇದೇ. ವಾರಸಾ ತೆರಿಗೆ ತಿನ್ನುವುದಕ್ಕಿಂತ ಹೆಚ್ಚಿಗೆ ನಿನ್ನ ಆಲಸ್ಯ ಈ ಮನೆಯ ಆಸ್ತಿ ತಿಂದಿದೆ. ನಿಮ್ಮೊಬ್ಬರದೇ ಅಲ್ಲ, ಈ ಸೀಮೆಯಲ್ಲಿ ಸತ್ತವರ ಹೆಸರಿನ ಹೊಲ ಕೆದಕಿದಷ್ಟೂ ಸಿಗುತ್ತದೆ. ಅದಕ್ಕೇ ಕಂದಾಯ ಇಲಾಖೆಯವರು ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಏರಿಸುವ ಪೌತಿ ಖಾತೆಯ ಆಂದೋಲನ ಅಂತ ಊರೂರಿಗೆ ಹೊರಟರು.

ಪೌತಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ನೋಟಿಸು ಹೊರಡುತ್ತದೆ. ಗೊತ್ತುಮಾಡಿದ ಅವಧಿಯೊಳಗೆ ತಕರಾರು ಬರದಿದ್ದರೆ ಮ್ಯುಟೇಶನ್ ಆಗಿ ಪಹಣಿಯಲ್ಲಿ ಹೆಸರು ಏರುತ್ತದೆ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಡಬೇಡ. ಬಿಡಿಸಿ ಬರೆಸಿಕೊಡುವವರು ಕಚೇರಿಯ ಹೊರಗೆ ಬೇಕಾದಷ್ಟು ಜನ ಸಿಗುತ್ತಾರೆ. ಅದು ಸುಳ್ಳು ದಾಖಲೆ, ಮುಂದೊಂದು ದಿನ ನಿನ್ನ ಮಕ್ಕಳ ಕೊರಳಿಗೆ ಬರುತ್ತದೆ. ಮೊದಲು ಎಲ್ಲರ ಹೆಸರಿಗೂ ಜಂಟಿಯಾಗಿ ಏರಲಿ: ನಿನ್ನ ಅವ್ವ, ಅಕ್ಕ, ನೀನು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕಿಯ ಹಕ್ಕು ಸ್ಥಿರವಾಗುವುದಿಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ಆದರೆ ಸರ್ಕಾರದ ರೊಕ್ಕ ಬರುವ ದಾರಿ ಅದೇ. ಆಮೇಲೆ ವಾಟ್ನಿ ಬೇಕಾದರೆ ಹನ್ನೊಂದು-ಇ ಅಳತೆ ನಕ್ಷೆ ಮಾಡಿಸಿ, ರಜಿಸ್ಟರ್ ಮಾಡಿಸು. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕದ ಖರ್ಚು ಹೊಲದ ಬೆಲೆಯ ಮುಂದೆ ಏನೂ ಅಲ್ಲ. ಯಾರಿಗೆ ಎಷ್ಟು ಎಂಬುದನ್ನು ವಕೀಲರು ಹೇಳಲಿ. ಅಪ್ಪನ ಪಾಲಿನಲ್ಲಿ ಅವ್ವನಿಗೂ ಇದೆ, ನಿನಗೆ ಬಂದಷ್ಟೇ ಅಕ್ಕನಿಗೂ ಇದೆ.

ಅಕ್ಕ ತಾನಾಗಿಯೇ ಬೇಡ ಅಂದರೆ? ಅನ್ನಬಹುದು. ಅವಳ ಸ್ವಭಾವ ನನಗೆ ಗೊತ್ತು. ಆಗಲೂ ಬರೆಸಿಕೊಂಡ ಕಾಗದ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡ. ಮೊದಲು ಅವಳ ಹೆಸರು ಪಹಣಿಯಲ್ಲಿ ಬರಲಿ, ಒಂದು ಬೆಳೆಯ ರೊಕ್ಕದಲ್ಲಿ ಅವಳ ಪಾಲು ಅವಳ ಸ್ವಂತ ಖಾತೆಗೆ ಹೋಗಲಿ, ಭಾವನ ಖಾತೆಗಲ್ಲ. ಎರಡು ಸುಗ್ಗಿ ಕಳೆದ ಮೇಲೆಯೂ ಬಿಡುತ್ತೇನೆ ಅಂದರೆ ಅದು ಅವಳ ಮನಸ್ಸು. ಕೈಯಲ್ಲಿ ಇಲ್ಲದ್ದನ್ನು ಬಿಟ್ಟುಕೊಡಿಸುವುದು ಸುಲಭ, ಅದಕ್ಕೇ ಎಲ್ಲರೂ ಅಷ್ಟು ಅವಸರ ಮಾಡುತ್ತಾರೆ.

ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೇಗೂ ಬರುವಿ. ಎರಡು ದಿನ ಹೆಚ್ಚು ರಜೆ ಹಾಕು. ಅಕ್ಕನಿಗೆ ನೀನೇ ಫೋನು ಮಾಡು, ನಾನು ಮಾಡಿದರೆ ಅವಳು ಗಾಬರಿಯಾಗುತ್ತಾಳೆ. ಯಾಕೆ ಕರೆಯುತ್ತಿದ್ದೇನೆ ಅಂತ ಫೋನಿನಲ್ಲೇ ಹೇಳು, ಹೋಳಿಗೆ ಊಟದ ಮೇಲೆ ಇಡಬೇಡ. ಬರುವಾಗ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ ತರಲಿ. ಅಣ್ಣನ ಮರಣ ಪ್ರಮಾಣ ಪತ್ರದ ಮೂಲಪ್ರತಿ ಪುಣೆಯಲ್ಲಿ ನಿನ್ನ ಹತ್ತಿರವೇ ಇದೆ ಅಂತ ನಿನ್ನ ಅವ್ವ ಹೇಳಿದಳು. ಅದನ್ನು ಮರೆಯದೆ ತಾ, ಬರೀ ಜೆರಾಕ್ಸ್ ತಂದರೆ ಮತ್ತೊಂದು ಅಮಾಸಿ ಕಾಯಬೇಕಾದೀತು. ಮುತ್ಯಾನದು ಸಿಗದಿದ್ದರೆ ಅದಕ್ಕೆ ಬೇರೆ ದಾರಿ ಇದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.